‘ಪ್ರಾಜೆಕ್ಟ್ ಮಾತ್ರ ಬಾಕಿ’ ಅಂದ್ರೆ ಎಂ.ಟೆಕ್. ಆಗಿಲ್ಲ ಅಂತಲೇ ಅರ್ಥ!



ನಿಮ್ಮ ಊರಿನಲ್ಲಿ ಎಂ.ಟೆಕ್.ಗೆ ಸೇರಿದವರು ಯಾರ‍್ಯಾರು ಅಂತ ಕೇಳಿದ್ರೆ ತಟ್ಟನೆ ಹೇಳ್ತೀರಿ. ಸೀಟು ಸಿಕ್ಕಿದಾಗ ಅಭಿನಂದನೆಯ ಪೋಸ್ಟ್ ಹಾಕಿದ್ದೇವಲ್ಲ! ಮುಗಿಸಿದವರು ಯಾರ‍್ಯಾರು ಅಂತ ಕೇಳಿದ್ರೆ? ಅಲ್ಲಿ ಎಲ್ಲರೂ ತಲೆ ಕೆರೆದುಕೊಳ್ತೇವೆ. ಯಾಕೆಂದ್ರೆ ಆ ಪ್ರಶ್ನೆಯನ್ನು ನಾವು ಯಾರೂ ಕೇಳಿಯೇ ಇಲ್ಲ.

ನಾನು ಬಿ.ಕಾಂ. ಮಾಡಿದವನು. ಬ್ಯಾಂಕಿನಲ್ಲಿ ಕ್ಲರ್ಕ್. ಆಂಟೆನಾ ಬಗ್ಗೆ ನನಗೆ ಎಂತದೂ ಗೊತ್ತಿಲ್ಲ. ಆದ್ರೆ ಲೆಕ್ಕ ಗೊತ್ತುಂಟು. ಹಾಗಾಗಿ ಲೆಕ್ಕದ ಮಾತೇ ಹೇಳ್ತೇನೆ.

ಸ್ವಲ್ಪ ದಿನದ ಹಿಂದೆ ಬೋವಿಕಾನದ ಕಡೆಯ ಒಬ್ಬ ಹುಡುಗ ಕೌಂಟರಿಗೆ ಬಂದ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಟೆಕ್., ಆಮೇಲೆ ದೂರದ ಒಂದು ಕಾಲೇಜಿನಲ್ಲಿ ಟೆಲಿಕಮ್ಯುನಿಕೇಶನ್‌ನಲ್ಲಿ ಎಂ.ಟೆಕ್. ಕೈಯಲ್ಲಿ ಶಿಕ್ಷಣ ಸಾಲದ ನೋಟಿಸ್. “ಎಂ.ಟೆಕ್. ಆಯ್ತಾ?” ಅಂತ ಕೇಳಿದೆ. “ಆಯ್ತಣ್ಣ, ಪ್ರಾಜೆಕ್ಟ್ ಮಾತ್ರ ಬಾಕಿ” ಅಂದ. ಈಗ ಟವರ್ ಮೆಂಟೆನೆನ್ಸ್ ಮಾಡುವ ಒಬ್ಬ ಕಂಟ್ರಾಕ್ಟರ್ ಹತ್ರ ಕೆಲಸ. ಅದಕ್ಕೆ ಎಂ.ಟೆಕ್. ಬೇಡ, ಬಿ.ಟೆಕ್. ಕೂಡ ಬೇಡ.

‘ಮಾತ್ರ’ ಅಂತೆ! ಆ ‘ಮಾತ್ರ’ ಎಷ್ಟು ದೊಡ್ಡದು ಅಂತ ಅವನಿಗೆ ಸೇರುವಾಗ ಯಾರೂ ಹೇಳಿರಲಿಲ್ಲ. ಕಾಲೇಜು ಹೇಳ್ಲಿಲ್ಲ, ಮನೆಯವರಿಗೆ ಗೊತ್ತಿರಲಿಲ್ಲ, ಸನ್ಮಾನ ಮಾಡಿದ ನಮಗೂ ಗೊತ್ತಿರಲಿಲ್ಲ.

ಲೆಕ್ಕ ನೋಡಿ. ಎ.ಐ.ಸಿ.ಟಿ.ಇ. 2018ರಲ್ಲಿ ಕೊಟ್ಟ ಮಾದರಿ ಪಠ್ಯಕ್ರಮದಲ್ಲಿ ಎಂ.ಟೆಕ್. ಅಂದ್ರೆ ಎರಡು ವರ್ಷ, ನಾಲ್ಕು ಸೆಮಿಸ್ಟರ್, ಒಟ್ಟು 68 ಕ್ರೆಡಿಟ್. ಮೊದಲ ಎರಡು ಸೆಮಿಸ್ಟರಿಗೆ 18, 18. ಕ್ಲಾಸು, ಲ್ಯಾಬು, ಪರೀಕ್ಷೆ, ಒಂದು ಮಿನಿ ಪ್ರಾಜೆಕ್ಟ್, ಸಂಶೋಧನಾ ವಿಧಾನದ ಒಂದು ಪೇಪರ್ ಎಲ್ಲ ಅದರಲ್ಲೇ ಬಂತು. ಮೂರನೇ ಸೆಮಿಸ್ಟರಿನ 16ರಲ್ಲಿ 10 ಡಿಸರ್ಟೇಶನ್‌ಗೆ. ನಾಲ್ಕನೆಯದರ 16ಕ್ಕೆ 16 ಕೂಡ ಡಿಸರ್ಟೇಶನ್‌ಗೇ. ಕೂಡಿಸಿ: 68ರಲ್ಲಿ 26! ಒಂದೊಂದು ವಿಶ್ವವಿದ್ಯಾಲಯದಲ್ಲಿ ಸಂಖ್ಯೆ ಸ್ವಲ್ಪ ಆಚೀಚೆ ಆಗ್ತದೆ, ಆದ್ರೆ ಕೊನೆಯ ವರ್ಷದ ಹೆಚ್ಚಿನ ಪಾಲು ಇದೇ ಕೆಲಸ. ಅಂದ್ರೆ ‘ಪ್ರಾಜೆಕ್ಟ್ ಮಾತ್ರ ಬಾಕಿ’ ಅನ್ನುವವನಿಗೆ ಡಿಗ್ರಿಯ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಾಕಿ ಉಂಟು. ಪಾಯ ಹಾಕಿ, ಗೋಡೆ ಎಬ್ಬಿಸಿ, ಮಾಡು ಹಾಕದ ಮನೆಯನ್ನು ‘ಆಯ್ತು’ ಅಂತ ಹೇಳ್ತೇವಾ? ನಮ್ಮ ಊರಿನ ಮಳೆಗೆ ಆ ಮನೆ ಎಷ್ಟು ದಿನ ನಿಂತೀತು?

ಬಿ.ಟೆಕ್. ಪರೀಕ್ಷೆಯ ಡಿಗ್ರಿ. ಓದಿದ್ರೆ, ಬರೆದ್ರೆ ಆಯ್ತು. ಸಪ್ಲಿ ಇದ್ದರೂ ಮತ್ತೆ ಬರೀಬಹುದು. ಎಂ.ಟೆಕ್. ಹಾಗಲ್ಲ. ಗೈಡ್ ಒಪ್ಪಬೇಕು. ವಿಷಯ ನಾವೇ ಹುಡುಕಬೇಕು. ನೂರಾರು ಪುಟ ಹಿಂದಿನವರ ಕೆಲಸ ಓದಬೇಕು. ಸಿಮ್ಯುಲೇಶನ್ ಮಾಡ್ಬೇಕು, ಇಲ್ಲದಿದ್ರೆ ಉಪಕರಣ ಹಿಡಿದು ಅಳತೆ ತೆಗೀಬೇಕು. ನಡುವೆ ಕಮಿಟಿಯ ಮುಂದೆ ನಿಂತು ಕೆಲಸ ತೋರಿಸಬೇಕು. ಕೊನೆಗೆ ಥೀಸಿಸ್ ಬರೆದು, ಕೃತಿಚೌರ್ಯದ ತಪಾಸಣೆ ದಾಟಿ, ಹೊರಗಿನ ಪರೀಕ್ಷಕರ ಮುಂದೆ ಸಮರ್ಥಿಸಬೇಕು. ಕೆಲವು ಕಡೆ ಪೇಪರ್ ಪ್ರಕಟಿಸಬೇಕು ಅಂತಲೂ ಉಂಟು. ಇಷ್ಟನ್ನೂ ನಿಯಮದಲ್ಲಿ ಹೇಳಿದ ಗರಿಷ್ಠ ಅವಧಿಯ ಒಳಗೆ ಮುಗಿಸಬೇಕು. ಅದು ದಾಟಿದ್ರೆ ಪಾಸಾದ ಪೇಪರುಗಳೂ ನೀರಿಗೆ ಹೋದ ಹಾಗೆ.

ಈಗ ಭಾಷೆಯ ಮಾತಿಗೆ ಬರ್ತೇನೆ.

‘ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೇ ಹೀಗಾಯ್ತು’ ಅನ್ನುವ ಬುದ್ಧಿವಂತರು ನಮ್ಮಲ್ಲೇ ಇದ್ದಾರೆ. ಅವರಿಗೆ ನನ್ನ ಪ್ರಶ್ನೆ: ಆ ಹುಡುಗ ಪ್ರಾಬಬಿಲಿಟಿ, ಡಿಜಿಟಲ್ ಕಮ್ಯುನಿಕೇಶನ್, ಇನ್ಫಾರ್ಮೇಶನ್ ಥಿಯರಿ, ಆಂಟೆನಾ ಎಲ್ಲ ಪಾಸು ಮಾಡಿದ್ದಾನೆ. ಮೂರು ಸೆಮಿಸ್ಟರ್ ಅಡ್ಡಿಯಾಗದ ಕನ್ನಡ ನಾಲ್ಕನೆಯದಕ್ಕೆ ಮಾತ್ರ ಅಡ್ಡಿಯಾಯ್ತಾ? ಆಗಿದ್ದು ಬೇರೆ. ಅವನು ಮಾಡಿದ ಕೆಲಸ ಅವನಿಗೆ ಗೊತ್ತುಂಟು. ನನಗೇ ಹತ್ತು ನಿಮಿಷದಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿದ. ಅದನ್ನು ಇಂಗ್ಲಿಷಿನಲ್ಲಿ ಅರವತ್ತು ಪುಟ ಬರೀಲಿಕ್ಕೆ ಕೈ ಬರಲಿಲ್ಲ. ಹೆದರಿ ಅಲ್ಲಿಂದ ಇಲ್ಲಿಂದ ತೆಗೆದು ಅಂಟಿಸಿದ. ತಪಾಸಣೆಯಲ್ಲಿ ಸಿಕ್ಕಿಬಿದ್ದು ವಾಪಸ್ ಬಂತು. ಯು.ಜಿ.ಸಿ.ಯ 2018ರ ನಿಯಮ ಏನು ಹೇಳ್ತದೆ ಗೊತ್ತುಂಟಾ? ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡ ಇಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಕೊಡಬೇಕು. 40 ದಾಟಿದ್ರೆ ಒಂದು ವರ್ಷ ಕೊಡ್ಲಿಕ್ಕೇ ಇಲ್ಲ. 60 ದಾಟಿದ್ರೆ ನೋಂದಣಿಯೇ ರದ್ದು. ಅವನಿಗೆ ತಿದ್ದುವ ಅವಕಾಶ ಇತ್ತು. ಹೇಗೆ ತಿದ್ದುವುದು ಅಂತ ಹೇಳಿಕೊಡುವವರು ಇರಲಿಲ್ಲ. ಗೈಡ್ ಬೇರೆ ಕಡೆ ಹೋಗಿದ್ದರು. ಹುಡುಗ ನಾಚಿಕೆಯಿಂದ ಊರಿಗೆ ಬಂದ.

ಅದೇ ಮಾದರಿ ಪಠ್ಯಕ್ರಮದಲ್ಲಿ ಕ್ರೆಡಿಟ್ ಇಲ್ಲದ ‘ಆಡಿಟ್ ಕೋರ್ಸ್’ ಅಂತ ಒಂದು ಪಟ್ಟಿ ಉಂಟು. ಸಂಶೋಧನಾ ಲೇಖನಕ್ಕೆ ಇಂಗ್ಲಿಷ್ ಉಂಟು, ತಾಂತ್ರಿಕ ಜ್ಞಾನಕ್ಕೆ ಸಂಸ್ಕೃತ ಉಂಟು, ಯೋಗ ಉಂಟು, ಸಂವಿಧಾನ ಉಂಟು. ಒಳ್ಳೇದೇ. ಮನೆಮಾತಿನಲ್ಲಿ ಯೋಚಿಸಿ ಇಂಗ್ಲಿಷಿಗೆ ತರುವ ಮಕ್ಕಳಿಗೆ ಎಂತ ಉಂಟು? ಸೊನ್ನೆ. ಎಂಜಿನಿಯರಿಂಗ್ ಮೊದಲ ವರ್ಷದ ಪುಸ್ತಕಗಳನ್ನು ಕನ್ನಡದಲ್ಲಿ ತರುವ ಕೆಲಸ ಎ.ಐ.ಸಿ.ಟಿ.ಇ. ಶುರು ಮಾಡಿದೆ, ಸಂತೋಷ. ಆದ್ರೆ ಮೆಟ್ಟಿಲಿನ ಬುಡದಲ್ಲಿ ದೀಪ ಇಟ್ಟು ಮೇಲೆ ಕತ್ತಲೆ ಬಿಟ್ಟರೆ ಬೀಳುವುದು ಮೇಲೆ ಹತ್ತಿದವನೇ.

ಕರ್ನಾಟಕವೂ ಕೇಳಲಿ. ಸಿ.ಇ.ಟಿ.ಯಲ್ಲಿ ನಮಗೆ ‘ಗಡಿನಾಡ ಕನ್ನಡಿಗ’ ಅಂತ ಒಂದು ದಾರಿ ಇಟ್ಟಿದ್ದೀರಿ, ಕನ್ನಡ ಬರ್ತದಾ ಅಂತ ಪರೀಕ್ಷೆಯನ್ನೂ ಮಾಡ್ತೀರಿ. ಬರ್ತದೆ ಸ್ವಾಮಿ! ಬಾಗಿಲಲ್ಲಿ ಕನ್ನಡ ಕೇಳಿದವರು ಒಳಗೆ ಹೋದ ಮೇಲೆ ಆ ಕನ್ನಡದ ಮಗು ಮುಗಿಸಿತಾ, ಬಿಟ್ಟಿತಾ ಅಂತಲೂ ಒಮ್ಮೆ ಕೇಳಬೇಕಲ್ವಾ?

ಇನ್ನು ದುಡ್ಡಿನ ಮಾತು. ಇದು ನನ್ನ ಕೌಂಟರಿನ ವಿಷಯ, ಗಮನ ಇಟ್ಟು ಓದಿ.

ಗೇಟ್ ಪಾಸಾಗಿ ಎ.ಐ.ಸಿ.ಟಿ.ಇ. ಮಾನ್ಯತೆಯ ಕಾಲೇಜಿನಲ್ಲಿ ಪೂರ್ಣಾವಧಿ ಎಂ.ಟೆಕ್.ಗೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ, ಹೆಚ್ಚೆಂದರೆ 24 ತಿಂಗಳು. ಗುಣಿಸಿ: 2,97,600 ರೂಪಾಯಿ. ನಮ್ಮ ಹುಡುಗ ಗೇಟ್ ಬರೆಯದೇ ಸೇರಿದ್ದ. ಅಷ್ಟನ್ನೂ ಸಾಲ ಮಾಡಿದ. ಗೇಟ್ ಅಂದ್ರೆ ಬ್ರಹ್ಮವಿದ್ಯೆ ಅಲ್ಲ. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಸ್ಕೋರಿಗೆ ಮೂರು ವರ್ಷ ಬೆಲೆ ಉಂಟು. ಅದೇ ಸ್ಕೋರಿನಲ್ಲಿ ನಮ್ಮ ಉತ್ತರಕ್ಕೆ ಸುರತ್ಕಲ್, ದಕ್ಷಿಣಕ್ಕೆ ಕಲ್ಲಿಕೋಟೆ, ಎರಡು ಎನ್.ಐ.ಟಿ.ಗಳಿಗೂ ಅರ್ಜಿ ಹಾಕಬಹುದು. ಕಲ್ಲಿಕೋಟೆಯಲ್ಲಿ ಟೆಲಿಕಮ್ಯುನಿಕೇಶನ್ ಅಂತಲೇ ಎಂ.ಟೆಕ್. ಉಂಟು.

ವಿದ್ಯಾರ್ಥಿವೇತನಕ್ಕೆ ಆಧಾರ್ ಜೋಡಿಸಿದ, ನಿಮ್ಮೊಬ್ಬರ ಹೆಸರಿನ ಸಾಮಾನ್ಯ ಎಸ್.ಬಿ. ಖಾತೆ ಬೇಕು. ಅಮ್ಮನ ಜೊತೆಗಿನ ಜಾಯಿಂಟ್ ಖಾತೆ ಆಗ್ಲಿಕ್ಕಿಲ್ಲ, ಜನಧನ್ ಖಾತೆಯೂ ಆಗ್ಲಿಕ್ಕಿಲ್ಲ. ಸೇರುವ ಮೊದಲೇ ಬ್ಯಾಂಕಿಗೆ ಬಂದು ಸರಿ ಮಾಡಿಕೊಳ್ಳಿ.

ಸಾಲ ತೆಗೆದವರಿಗೆ: ವರಮಾನ 4.5 ಲಕ್ಷದ ಒಳಗಿನ ಮನೆಯವರಿಗೆ ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರಕಾರ ಕಟ್ಟುವ ಯೋಜನೆ ಉಂಟು. ಮಾನ್ಯತೆ ಇರುವ ಸಂಸ್ಥೆಗಳಲ್ಲಿ, ವೃತ್ತಿಪರ ಮತ್ತು ತಾಂತ್ರಿಕ ಕೋರ್ಸಿಗೆ. ಎರಡು ಮಾತು ನೆನಪಿರಲಿ. ಒಂದು, ಅದು ಸಿಗುವುದು ಒಂದೇ ಸಲ, ಡಿಗ್ರಿಗೆ ಅಥವಾ ಪಿ.ಜಿ.ಗೆ. ಎರಡು, ಕಾಯಿಲೆಯ ಕಾರಣಕ್ಕಲ್ಲದೆ ನಡುವೆ ಓದು ಬಿಟ್ಟವರಿಗೆ ಅದಿಲ್ಲ. ‘ಪ್ರಾಜೆಕ್ಟ್ ಮಾತ್ರ ಬಾಕಿ’ ಅಂತ ಮನೆಗೆ ಬಂದು ಕೂತರೆ ಡಿಗ್ರಿ ಇಲ್ಲ, ಸಬ್ಸಿಡಿ ಇಲ್ಲ, ಬಡ್ಡಿ ಮಾತ್ರ ಉಂಟು. ಅಡಿಕೆ ಮಾರಿದ ದುಡ್ಡು ಕಂತಿಗೆ ಹೋಗ್ತದೆ.

ಈಗ ನಮ್ಮ ಬೆನ್ನು ನಾವೇ ನೋಡಿಕೊಳ್ಳುವ. 1956ರಿಂದ ನಾವು ಭಾಷೆಗಾಗಿ ಹೋರಾಡ್ತಾ ಬಂದಿದ್ದೇವೆ. ಶಾಲೆಗೆ ಕನ್ನಡ ಬಲ್ಲ ಟೀಚರ್ ಬೇಕು, ಅರ್ಜಿ ಫಾರಂ ಕನ್ನಡದಲ್ಲಿ ಬೇಕು ಅಂತ ಕೇಳಿದ್ದೇವೆ. ಸರಿಯೇ, ಇನ್ನೂ ಕೇಳುವ. ಆದ್ರೆ ಆ ಶಾಲೆಯಲ್ಲಿ ಕಲಿತ ಮಗು ಎಂ.ಟೆಕ್.ನ ಕೊನೆಯ ಮೆಟ್ಟಿಲಲ್ಲಿ ಒಬ್ಬನೇ ನಿಂತಾಗ ನಾವು ಎಲ್ಲಿದ್ದೆವು? ಇದು ಭಾಷಾ ಅಲ್ಪಸಂಖ್ಯಾತರ ಪ್ರಶ್ನೆ ಅಲ್ಲವೇ? ಬೋವಿಕಾನದ ಪಕ್ಕ ಪೊವ್ವಲ್‌ನಲ್ಲಿ 1993ರಿಂದ ಎಲ್.ಬಿ.ಎಸ್. ಎಂಜಿನಿಯರಿಂಗ್ ಕಾಲೇಜು ಉಂಟು. ನಮ್ಮ ಮಕ್ಕಳಿಗೆ ಎಂಜಿನಿಯರಿಂಗ್ ಹೊಸತಲ್ಲ. ಓದಿ ಮುಗಿಸಿದ ಅಣ್ಣಂದಿರು, ಅಕ್ಕಂದಿರು ಬೆಂಗಳೂರಿನಲ್ಲಿ, ಗಲ್ಫ್‌ನಲ್ಲಿ ಇದ್ದಾರೆ. ಅವರನ್ನು ನಾವು ಕರೆಯುವುದು ಉತ್ಸವದ ದೇಣಿಗೆಗೆ ಮಾತ್ರ!

ನಾನು ಹೇಳುವುದು ಇಷ್ಟು:

1. ಸೇರುವ ಮೊದಲೇ ಆ ವಿಶ್ವವಿದ್ಯಾಲಯದ ಎಂ.ಟೆಕ್. ನಿಯಮಾವಳಿ ಡೌನ್‌ಲೋಡ್ ಮಾಡಿ ಓದಿ. ಕ್ರೆಡಿಟ್, ಹಾಜರಾತಿ, ಪ್ರಕಟಣೆಯ ಶರತ್ತು, ಗರಿಷ್ಠ ಅವಧಿ: ಈ ನಾಲ್ಕನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ.

2. ವಿಷಯ ಮೂರನೇ ಸೆಮಿಸ್ಟರಿನಲ್ಲಿ ಹುಡುಕಬೇಡಿ, ಎರಡನೆಯದರಲ್ಲೇ ಗೈಡ್ ಹತ್ರ ಹೋಗಿ. ವಿಷಯಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ತೋಟದೊಳಗೆ ಹೋದ್ರೆ ರೇಂಜ್ ಯಾಕೆ ಬೀಳ್ತದೆ? ಎಲೆ ಒದ್ದೆಯಾದ್ರೆ ಎಷ್ಟು ಹೆಚ್ಚು ಬೀಳ್ತದೆ? ಇದನ್ನು ಲೆಕ್ಕ ಹಾಕಲಿಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸೇ ಉಂಟು: ಗಿಡಮರಗಳಿಗೆ ಪಿ.833, ಮಳೆಗೆ ಪಿ.838. ನಮ್ಮ ಅಡಿಕೆ ತೋಟ, ನಮ್ಮ ಜೂನ್ ತಿಂಗಳು. ಇದಕ್ಕಿಂತ ಒಳ್ಳೆ ಲ್ಯಾಬ್ ಬೇಕಾ?

3. ದಿನದ ಕೆಲಸವನ್ನು ಕನ್ನಡದಲ್ಲೇ ಬರೆದಿಡಿ. ಆಮೇಲೆ ಅದನ್ನು ನಿಮ್ಮ ಸರಳ ಇಂಗ್ಲಿಷಿಗೆ ತನ್ನಿ. ಸ್ವಂತ ವಾಕ್ಯ ತಪ್ಪಾದ್ರೆ ತಿದ್ದಬಹುದು. ಕದ್ದ ವಾಕ್ಯವನ್ನು ತಿದ್ದಲಿಕ್ಕೆ ಆಗುವುದಿಲ್ಲ.

4. ಥೀಸಿಸ್ ಮುಗಿಸಿದವರು ತಿಂಗಳಿಗೆ ಒಂದು ಭಾನುವಾರ ಕೊಡಿ. ಒಬ್ಬರ ಒಂದು ಅಧ್ಯಾಯ ಓದಿ ತಿದ್ದಿಕೊಡಿ. ಫೋನಿನಲ್ಲೇ ಆಗ್ತದೆ. ಇದೂ ಕನ್ನಡದ ಕೆಲಸವೇ.

5. ನಮ್ಮ ಸಂಘಟನೆಗಳು ಇನ್ನು ಸೀಟಿಗೆ ಸನ್ಮಾನ ಮಾಡುವುದು ನಿಲ್ಲಿಸಲಿ. ಡಿಗ್ರಿ ಕೈಗೆ ಬಂದ ದಿನ ಹಾರ ಹಾಕಲಿ.

ಆ ಹುಡುಗನಿಗೆ ಇನ್ನೂ ಅವಧಿ ಉಂಟು, ನಾನೇ ಅವನ ನಿಯಮಾವಳಿ ತೆಗೆದು ನೋಡಿದೆ. ಹೊಸ ಗೈಡ್ ಕೊಡಿ ಅಂತ ಅರ್ಜಿ ಬರೆಸಿದ್ದೇನೆ. ಈಗ ಬೇಕಾದದ್ದು ಅವನ ಥೀಸಿಸ್ ಓದುವ ಒಬ್ಬರು. ಕಮ್ಯುನಿಕೇಶನ್‌ನಲ್ಲಿ ಎಂ.ಟೆಕ್. ಮುಗಿಸಿದ ಕನ್ನಡದವರು ಯಾರಾದ್ರೂ ಇದನ್ನು ಓದ್ತಾ ಇದ್ದರೆ ಪೇಜಿಗೆ ಮೆಸೇಜ್ ಹಾಕಿ. ಲೈಕ್ ಬೇಡ ಮಾರಾಯ್ರೆ, ಒಂದು ಭಾನುವಾರ ಕೊಡಿ.