ಹೊಣೆ ಕೊಂದವರದು ಮಾತ್ರವೇ?

ಭಯೋತ್ಪಾದಕರು ಕೊಂದಾಗ ಅವರನ್ನು ಶಪಿಸುತ್ತೇವೆ. ಅದು ನ್ಯಾಯವೇ. ಆದರೆ ತಡೆಯುವ ಅಧಿಕಾರವಿದ್ದೂ ಕೈಕಟ್ಟಿ ಕೂತವರಿಗೆ ಆ ಸಾವುಗಳಲ್ಲಿ ಪಾಲಿಲ್ಲವೇ?

2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಶ್ರೀಲಂಕಾದ ಮೂರು ಚರ್ಚುಗಳಲ್ಲಿ, ಕೊಲಂಬೊದ ಶಾಂಗ್ರಿ-ಲಾ, ಸಿನಮನ್ ಗ್ರ್ಯಾಂಡ್, ಕಿಂಗ್ಸ್‌ಬರಿ ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬುಗಳು ಸಿಡಿದು 260ಕ್ಕೂ ಹೆಚ್ಚು ಜನ ಸತ್ತರು. ಲೋಕಸಭೆ ಚುನಾವಣೆಯ ಓಡಾಟ ಮುಗಿಸಿ ದಣಿವಾರಿಸಿಕೊಳ್ಳಲು ಹೋಗಿದ್ದ ಕರ್ನಾಟಕದ ಜೆಡಿಎಸ್ ಕಾರ್ಯಕರ್ತರೂ ಅವರಲ್ಲಿದ್ದರು. ಸಿನಮನ್ ಗ್ರ್ಯಾಂಡಿನಲ್ಲಿ ಹಂತಕ ಹಿಂದಿನ ದಿನವೇ ರೂಮು ಹಿಡಿದಿದ್ದ. ಬೆಳಿಗ್ಗೆ ತಿಂಡಿಯ ಸಾಲಿನಲ್ಲಿ ಎಲ್ಲರಂತೆ ನಿಂತು ಬಾಂಬು ಸಿಡಿಸಿದ. ಗುರುತಿಲ್ಲದವರನ್ನು ಬರಮಾಡಿಕೊಳ್ಳುವುದೇ ಹೋಟೆಲಿನ ಕಸುಬು. ಹಾಗಾಗಿ ಇಂಥವನನ್ನು ಅಲ್ಲಿಗೆ ಬರುವ ಮುನ್ನವೇ ತಡೆಯಬೇಕು. ಅದು ಸರ್ಕಾರದ ಕೆಲಸ.

ಆ ಕೆಲಸಕ್ಕೆ ಬೇಕಾದ ಮಾಹಿತಿ ಕೈಯಲ್ಲೇ ಇತ್ತು. ಏಪ್ರಿಲ್ 4ರಂದೇ ಭಾರತದ ಗುಪ್ತಚರರು ಎಚ್ಚರಿಸಿದ್ದರು. ಸೂತ್ರಧಾರ ಜಹ್ರಾನ್ ಹಾಶಿಮ್‌ನ ಹೆಸರು ಪೊಲೀಸ್ ಟಿಪ್ಪಣಿಗಳಲ್ಲೇ ಓಡಾಡಿತ್ತು. ಆದರೆ ಅಧ್ಯಕ್ಷ ಸಿರಿಸೇನ, ಪ್ರಧಾನಿ ವಿಕ್ರಮಸಿಂಘೆ ನಡುವೆ ಮಾತು ಮುರಿದಿತ್ತು. ಭದ್ರತಾ ಮಂಡಳಿಯ ಸಭೆಗೆ ಪ್ರಧಾನಿಗೆ ಕರೆಯೇ ಇರುತ್ತಿರಲಿಲ್ಲ.

ನಿತ್ಯ ಹತ್ತಾರು ಎಚ್ಚರಿಕೆ ಬರುತ್ತವೆ, ಯಾವುದು ನಿಜವೆಂದು ಮೊದಲೇ ತಿಳಿಯುವುದು ಹೇಗೆ ಎಂದು ಕೇಳಬಹುದು. ಆ ಸುಳಿವಿನಲ್ಲಿ ಚರ್ಚುಗಳ, ಭಾರತದ ಹೈಕಮಿಷನ್ನಿನ ಮಾತಿತ್ತೇ ಹೊರತು ಹೋಟೆಲುಗಳದ್ದು ಇರಲಿಲ್ಲ ಎಂಬುದೂ ನಿಜ. ಆದರೆ ಜಾಗ ಗೊತ್ತಿಲ್ಲದಿದ್ದರೂ ಆಳು ಗೊತ್ತಿದ್ದ. ಅವನ ಊರಾದ ಕಾತ್ತಾನ್‌ಕುಡಿಯ ಮುಸ್ಲಿಮರು ಅವನ ಮೇಲೆ ಮೊದಲೇ ದೂರು ಕೊಟ್ಟಿದ್ದರು. ಯಾರೂ ಅಧಿಕಾರಿಗಳಿಂದ ಪವಾಡ ಕೇಳುತ್ತಿಲ್ಲ. ಬಂದ ಮಾಹಿತಿಯನ್ನು ತಲುಪಬೇಕಾದವರಿಗೆ ತಲುಪಿಸಿ, ಬೆನ್ನುಹತ್ತಬೇಕಿತ್ತು, ಅಷ್ಟೇ.

2023ರ ಜನವರಿಯಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಸಿರಿಸೇನ ಸ್ವಂತ ಹಣದಿಂದ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕೆಂದಿತು. ಪೊಲೀಸ್, ಗುಪ್ತಚರ ಮುಖ್ಯಸ್ಥರೂ ಪರಿಹಾರ ಕೊಡಬೇಕೆಂದು ಆದೇಶಿಸಿತು. ಇದರಿಂದ ಹಂತಕರ ಪಾಪ ಕೂದಲೆಳೆಯಷ್ಟೂ ಹಗುರಾಗುವುದಿಲ್ಲ. ಕುರ್ಚಿಯ ಜೊತೆಗೆ ಹೊಣೆಯೂ ಬರುತ್ತದೆಂಬುದು ಗಟ್ಟಿಯಾಗುತ್ತದೆ.

ಆದರೆ ಆ ತೀರ್ಪು ಬರಲು ಸುಮಾರು ನಾಲ್ಕು ವರ್ಷ ಹಿಡಿಯಿತು. ಜನರ ಸಿಟ್ಟು ಅಷ್ಟು ಕಾಯಲಿಲ್ಲ. 2019ರ ಮೇ ತಿಂಗಳಲ್ಲೇ ಶ್ರೀಲಂಕಾದ ವಾಯವ್ಯ ಪ್ರಾಂತ್ಯದಲ್ಲಿ ಗುಂಪುಗಳು ಮುಸ್ಲಿಮರ ಮನೆ, ಅಂಗಡಿ, ಮಸೀದಿಗಳ ಮೇಲೆ ಬಿದ್ದವು. ಹಂತಕರ ಶವಗಳನ್ನು ದಫನ್ ಮಾಡಲು ಬಿಡೆವು ಎಂದು ಉಲೇಮಾಗಳ ಸಂಘಟನೆಯೇ ಸಾರಿದ್ದರೂ ಯಾರೂ ಕಿವಿಗೊಡಲಿಲ್ಲ. ಹೊಣೆ ಹೊರಬೇಕಾದವರು ನುಣುಚಿಕೊಂಡರೆ, ಅದು ಏನೂ ಅರಿಯದ ನೆರೆಯವನ ತಲೆಗೆ ಬೀಳುತ್ತದೆ. ದಾಳಿ ಮಾಡಿದವರಿಗೆ ಬೇಕಾದದ್ದೂ ಅದೇ.

ಆದ್ದರಿಂದ ಎಲ್ಲೇ ಬಾಂಬು ಸಿಡಿಯಲಿ, ಹಂತಕನ ಧರ್ಮ ಯಾವುದೆಂಬ ಪ್ರಶ್ನೆಗೆ ನಿಂತುಬಿಡಬಾರದು. ಸುಳಿವು ಯಾರ ಬಳಿ ಇತ್ತು, ಯಾರಿಗೆ ತಲುಪಿಸಿದರು, ಅವರೇನು ಮಾಡಿದರು ಎಂದು ಕೇಳಬೇಕು. ಸರ್ಕಾರ ಯಾವ ಪಕ್ಷದ್ದಾದರೂ ಉತ್ತರ ಬರುವವರೆಗೆ ಕೇಳುತ್ತಲೇ ಇರಬೇಕು.