ಕಾಲೇಜಿಗೆ ಮೊದಲು ವಾರ್ಡಿಗೆ ಬರಲಿ

ಎಂಬಿಬಿಎಸ್ ಸೀಟು ಪಡೆದವರು ಯಾರೇ ಆಗಲಿ, ತರಗತಿ ಶುರುವಾಗುವ ಮುನ್ನ ಒಂದು ತಿಂಗಳು ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳ ಆರೈಕೆ ಮಾಡಿರಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಒಪ್ಪಿಗೆ ಪಡೆದು ರಾಜ್ಯ ಸರ್ಕಾರ ಈ ನಿಯಮವನ್ನು ತರಬೇಕು, ಮಂಡ್ಯ ಜಿಲ್ಲೆಯಿಂದಲೇ ಆರಂಭಿಸಬೇಕು.

2024ರ ಮೇ 5ರಂದು ನಡೆದ ನೀಟ್ ದೇಶವನ್ನೇ ಕಲಕಿತು. ಮೊದಲ ಫಲಿತಾಂಶದಲ್ಲಿ 67 ಮಂದಿಗೆ ಪೂರ್ಣ 720 ಅಂಕ ಬಂತು. ಪ್ರಶ್ನೆಪತ್ರಿಕೆ ಸೋರಿಕೆ, ಕೃಪಾಂಕದ ಗೊಂದಲಗಳು ಸುಪ್ರೀಂ ಕೋರ್ಟ್‌ವರೆಗೂ ಹೋದವು. ಅದೇ ವರ್ಷದ ಜುಲೈನಲ್ಲಿ ನಮ್ಮ ವಿಧಾನಮಂಡಲ ನೀಟ್ ವಿರುದ್ಧ ನಿರ್ಣಯ ಅಂಗೀಕರಿಸಿ, ಸಿಇಟಿಯನ್ನೇ ಮರಳಿ ತರಬೇಕೆಂದಿತು. ಅಲ್ಲಿಗೆ ಚರ್ಚೆ ನಿಂತುಹೋಯಿತು. ನೀಟ್ ಇರಲಿ, ಸಿಇಟಿ ಇರಲಿ, ಅಳೆಯುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರವನ್ನು ಮಾತ್ರ. ನೋವಿನಲ್ಲಿ ನರಳುವವರ ಪಕ್ಕ ತಾನು ನಿಲ್ಲಬಲ್ಲೆನೇ ಎಂಬುದು ಪರೀಕ್ಷೆ ಬರೆಯುವ ಮಗುವಿಗೂ ಗೊತ್ತಿಲ್ಲ, ಸೀಟು ಕೊಡುವ ಸರ್ಕಾರಕ್ಕೂ ಗೊತ್ತಿಲ್ಲ.

ನಮ್ಮ ಜಿಲ್ಲೆಯಲ್ಲೇ ವೈದ್ಯಕೀಯ ಕಾಲೇಜುಗಳಿವೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ಸಂಸ್ಥೆ 1986ರಿಂದಲೂ ಮಂಡ್ಯದ ಮಿಮ್ಸ್ 2006ರಿಂದಲೂ ನಡೆಯುತ್ತಿವೆ. ಮದ್ದೂರು, ಮಳವಳ್ಳಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಾಯಗೊಂಡವರು, ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿಸಿಕೊಂಡವರು, ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದವರು, ಹೆರಿಗೆಗೆ ಬಂದ ಹೆಣ್ಣುಮಕ್ಕಳು ಇಂಥ ಆಸ್ಪತ್ರೆಗಳನ್ನೇ ನಂಬಿದ್ದಾರೆ. ವೈದ್ಯನಾಗಬೇಕೆನ್ನುವವನು ಮೊದಲು ಇವರ ಮುಖ ನೋಡಬೇಕು.

ಒಂದು ತಿಂಗಳಲ್ಲಿ ಮಾಡಿಸಬೇಕಾದ ಕೆಲಸ ಬೇಕಾದಷ್ಟಿದೆ. ಎದ್ದು ಕೂರಲಾಗದವರಿಗೆ ಊಟ ತಿನ್ನಿಸುವುದು, ಮೈ ಒರೆಸುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಬೆಡ್‌ಪ್ಯಾನ್ ಇಡುವುದು, ಸ್ಟ್ರೆಚರ್ ತಳ್ಳುವುದು, ಜ್ವರ ನೋಡಿ ಬರೆದಿಡುವುದು, ಓದು ಬಾರದವರಿಗೆ ಔಷಧಿ ಚೀಟಿ ಓದಿ ಹೇಳುವುದು. ಇಂದು ಇದನ್ನೆಲ್ಲ ಮಾಡುತ್ತಿರುವವರು ನರ್ಸ್‌ಗಳು, ಆಯಾಗಳು, ಗ್ರೂಪ್ ಡಿ ನೌಕರರು ಮತ್ತು ರೋಗಿಯ ಕಡೆಯವರು. ಅವರ ಕೈಕೆಳಗೆ ಒಂದು ತಿಂಗಳು ದುಡಿದವನು ಮುಂದೆ ಡಾಕ್ಟರಾದಾಗ ಅವರ ಮಾತಿಗೆ ಕಿವಿಗೊಡುತ್ತಾನೆ. ಇಂಜೆಕ್ಷನ್, ಹೊಲಿಗೆ, ಡ್ರಿಪ್ ಇವ್ಯಾವನ್ನೂ ಮುಟ್ಟಕೂಡದು. ರೋಗಿ ಬೇಡವೆಂದರೆ ಹತ್ತಿರವೂ ಹೋಗಕೂಡದು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿರಬೇಕು. ಖಾಲಿ ಹುದ್ದೆ ತುಂಬದಿರಲು ಈ ಮಕ್ಕಳನ್ನು ಸರ್ಕಾರ ನೆಪ ಮಾಡಿಕೊಳ್ಳಕೂಡದು.

ಮೊದಲು ಸೇವೆ, ಆಮೇಲೆ ಓದು ಎಂಬುದು ಹೊಸ ಮಾತೇನಲ್ಲ. ಅಮೆರಿಕದಲ್ಲಿ ಫಿಸಿಶಿಯನ್ ಅಸಿಸ್ಟೆಂಟ್ ವೃತ್ತಿ ಹುಟ್ಟಿದ್ದೇ ಹೀಗೆ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ಆ ಕೋರ್ಸಿನ ಮೊದಲ ತಂಡಕ್ಕೆ ಆರಿಸಿಕೊಂಡದ್ದು ನೌಕಾಪಡೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ಅನುಭವ ಪಡೆದವರನ್ನು. ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿ ನೀಟ್ ಬರುವ ಮೊದಲು ಲಿಖಿತ ಪರೀಕ್ಷೆಯ ಜೊತೆಗೆ ಸಂದರ್ಶನ ನಡೆಸಿ, ಅಭ್ಯರ್ಥಿಯ ಸೇವಾಭಾವವನ್ನೂ ತೂಗುತ್ತಿತ್ತು. ಸ್ನಾತಕೋತ್ತರ ಪ್ರವೇಶದಲ್ಲಂತೂ 2000ದ ನಿಯಮಾವಳಿ, ದುರ್ಗಮ ಪ್ರದೇಶದಲ್ಲಿ ಸೇವೆ ಮಾಡಿದ ಸರ್ಕಾರಿ ವೈದ್ಯರಿಗೆ ವರ್ಷಕ್ಕೆ ಶೇ 10ರಂತೆ ಗರಿಷ್ಠ ಶೇ 30ರವರೆಗೆ ಹೆಚ್ಚುವರಿ ಅಂಕಕ್ಕೆ ಅವಕಾಶ ಕೊಟ್ಟಿತ್ತು. ಎಂ.ಡಿ. ಸೀಟಿಗೆ ಸೇವೆ ಲೆಕ್ಕಕ್ಕೆ ಬರಬಹುದಾದರೆ, ಎಂಬಿಬಿಎಸ್ ಬಾಗಿಲಲ್ಲಿ ಅದರ ಮಾತೇ ಏಕಿಲ್ಲ?

ಸೇವೆಗೆ ಅಂಕ ಕೊಟ್ಟರೆ ಸುಳ್ಳು ಸರ್ಟಿಫಿಕೇಟಿನ ದಂಧೆ ಶುರುವಾಗುತ್ತದೆ, ಡಾಕ್ಟರ್ ನೆಂಟರಿರುವವರ ಮಕ್ಕಳೇ ಗೆಲ್ಲುತ್ತಾರೆ ಎನ್ನುವವರ ಆತಂಕ ನಿಜ. ಅದಕ್ಕಾಗಿಯೇ ಅಂಕ ಬೇಡ ಎನ್ನುತ್ತೇನೆ. ರ‍್ಯಾಂಕ್ ಪರೀಕ್ಷೆಯಿಂದಲೇ ಬರಲಿ. ಮೊದಲ ಸುತ್ತಿನ ಹಂಚಿಕೆಯಾದೊಡನೆ ಸೀಟು ಹಂಚುವ ಪ್ರಾಧಿಕಾರವೇ ಆಸ್ಪತ್ರೆ ಗೊತ್ತುಮಾಡಲಿ, ಹಾಜರಾತಿ ನರ್ಸಿಂಗ್ ಸೂಪರಿಂಟೆಂಡೆಂಟ್ ಕೈಯಲ್ಲಿರಲಿ. ಮುಂದಿನ ಸುತ್ತುಗಳಲ್ಲಿ ಸೀಟು ಪಡೆದವರಿಗೆ ಮೊದಲ ವರ್ಷದ ರಜೆಯಲ್ಲಿ ಅದೇ ನಿಯಮ ಅನ್ವಯಿಸಲಿ. ಬಡ ಮಕ್ಕಳಿಗೆ ಸ್ವಂತ ತಾಲ್ಲೂಕಿನಲ್ಲೇ ಜಾಗ, ಜೊತೆಗೆ ಊಟ, ಬಸ್ ಖರ್ಚು ಸಿಗಲಿ.

ಓದಿನ ಅವಧಿಯಲ್ಲೇ ರೋಗಿಗಳನ್ನು ನೋಡುತ್ತಾರಲ್ಲ ಎನ್ನುವವರಿದ್ದಾರೆ. 2019ರ ಪಠ್ಯಕ್ರಮ ಮೊದಲ ವರ್ಷದಲ್ಲೇ ರೋಗಿಗಳ ಪರಿಚಯಕ್ಕೆ ಅವಕಾಶ ಮಾಡಿತು, 2022ರಲ್ಲಿ ಹಳ್ಳಿಯ ಕುಟುಂಬಗಳನ್ನು ದತ್ತು ಪಡೆಯುವ ಕಾರ್ಯಕ್ರಮ ಬಂತು. ಎರಡೂ ಒಳ್ಳೆಯವೇ. ಆದರೆ ಅಷ್ಟರಲ್ಲಿ ಅಪ್ಪ ಸಾಲ ಮಾಡಿ ಫೀಸು ಕಟ್ಟಿರುತ್ತಾನೆ, ಊರೆಲ್ಲ ಡಾಕ್ಟರ್ ಎಂದು ಕರೆಯಲು ಶುರುಮಾಡಿರುತ್ತದೆ. ಈ ದಾರಿ ತನ್ನದಲ್ಲ ಎಂದು ಅರಿತ ಮಗು ಆಗ ಹಿಂದಿರುಗುವುದು ಹೇಗೆ? ಫೀಸು ಕಟ್ಟುವ ಮೊದಲೇ ಅರಿತರೆ ದಂಡವಿಲ್ಲದೆ ಹೊರಬರಬಹುದು, ಆ ಸೀಟು ಮುಂದಿನ ಸುತ್ತಿನಲ್ಲಿ ಬೇಕಾದವರಿಗೆ ಸಿಗುತ್ತದೆ.

ಕಡ್ಡಾಯ ಗ್ರಾಮೀಣ ಸೇವೆಗೆ ರಾಜ್ಯ 2012ರಲ್ಲಿ ಕಾಯ್ದೆ ಮಾಡಿದಾಗ, ಓದು ಮುಗಿಸಿದವರು ಅದರ ವಿರುದ್ಧ ಹೈಕೋರ್ಟ್ ಮೆಟ್ಟಿಲೇರಿದರು. ಕೊನೆಯಲ್ಲಿ ಒತ್ತಾಯದಿಂದ ಹೇರಿದ ಸೇವೆ ಹೊರೆಯೆನಿಸಿತು. ಅದನ್ನು ಮೊದಲ ಪಾಠವಾಗಿಸಿದರೆ ಹಳ್ಳಿಯ ಆಸ್ಪತ್ರೆ ಶಿಕ್ಷೆಯ ಜಾಗವಾಗಿ ಕಾಣುವುದಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿಯ ಶಾಸಕರು ಈ ಬೇಡಿಕೆಯನ್ನು ಮುಂದಿನ ಅಧಿವೇಶನದಲ್ಲಿ ಎತ್ತಬೇಕು. ಅದಕ್ಕೂ ಕಾಯದೆ ತಂದೆ ತಾಯಂದಿರು ಒಂದು ಕೆಲಸ ಮಾಡಬಹುದು: ಕೋಚಿಂಗ್‌ಗೆ ಹಣ ಕಟ್ಟುವ ಮುನ್ನ, ಆಸ್ಪತ್ರೆಯಲ್ಲಿರುವ ಅಜ್ಜಿಯನ್ನೋ ಅಜ್ಜನನ್ನೋ ಒಂದು ವಾರ ನೋಡಿಕೊಳ್ಳುವ ಹೊಣೆಯನ್ನು ಮಗನಿಗೆ, ಮಗಳಿಗೆ ವಹಿಸಿ.