ಬೆಕ್ಕಿನ ವಯಸ್ಸು, ಬೆಕ್ಕಿನ ಬಟ್ಟಲು



ನ್ಯೂಜಿಲೆಂಡಿನ 10 ಮನೆಗಳಲ್ಲಿ ಸುಮಾರು 4 ಮನೆಗಳಲ್ಲಿ ಬೆಕ್ಕು ಇದೆ. ನಮ್ಮ ಕನ್ನಡ ಕುಟುಂಬಗಳಲ್ಲೂ ಅದು ಮನೆಯ ಸದಸ್ಯನಾಗಿರುವುದು ಸಹಜವೇ. ಊರಿನಲ್ಲಿ ಬೆಕ್ಕು ತಾನಾಗಿ ಬರುತ್ತಿತ್ತು. ಇಲಿ ಹಿಡಿದು, ಅಟ್ಟದ ಮೇಲೆ ಮರಿ ಹಾಕಿ, ನಾವು ಹಾಕಿದ ಹಾಲನ್ನವನ್ನೂ ತಿಂದು ತನ್ನ ಪಾಡಿಗೆ ತಾನಿರುತ್ತಿತ್ತು. ಇಲ್ಲಿ ನಾವೇ ಅದನ್ನು ಕರೆತರುತ್ತೇವೆ; ಅದರ ಊಟ, ಆರೋಗ್ಯಗಳೆರಡೂ ನಮ್ಮ ಹೊಣೆ. ನಾನು ಮನುಷ್ಯರ ವೈದ್ಯನೇ ಹೊರತು ಪಶುವೈದ್ಯನಲ್ಲ. ಆದರೂ ನನ್ನಿಂದಲೇ ಆದ ಒಂದು ತಪ್ಪು ಈ ಬರಹಕ್ಕೆ ಪ್ರೇರಣೆ.

ನಮ್ಮ ಬೆಕ್ಕಿಗೆ 12 ವರ್ಷ. ‘ಮನುಷ್ಯರ ಲೆಕ್ಕದಲ್ಲಿ ಎಷ್ಟಪ್ಪಾ?’ ಎಂದು ಮಗಳು ಕೇಳಿದಾಗ, ಎಲ್ಲರಂತೆ 7ರಿಂದ ಗುಣಿಸಿ 84 ಎಂದಿದ್ದೆ. ಕಳೆದ ಚಳಿಗಾಲದಲ್ಲಿ ಅದು ಸೊರಗತೊಡಗಿತು. ಬಟ್ಟಲೇನೋ ಎಂದಿಗಿಂತ ಬೇಗ ಖಾಲಿಯಾಗುತ್ತಿತ್ತು. ಆದರೆ ಬೆನ್ನು ಸವರಿದರೆ ಮೂಳೆ ಕೈಗೆ ತಗಲುತ್ತಿತ್ತು. ‘84 ಆಯಿತಲ್ಲ, ಮುಪ್ಪು’ ಎಂದು ಸುಮ್ಮನಿದ್ದೆ. ಎರಡು ತಿಂಗಳ ನಂತರ ಪಶುವೈದ್ಯರು ರಕ್ತಪರೀಕ್ಷೆ ಮಾಡಿದಾಗ ತಿಳಿದದ್ದು, ಅದರ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು. ಮುದಿ ಬೆಕ್ಕುಗಳಲ್ಲಿ ಸಾಮಾನ್ಯವಾದ, ಔಷಧಕ್ಕೆ ಬಗ್ಗುವ ಕಾಯಿಲೆ ಅದು. ಈಗ ಬೆಕ್ಕು ಮತ್ತೆ ಮೈದುಂಬಿಕೊಂಡಿದೆ. ನನ್ನ ಮುಂದೆ ಕುಳಿತ ರೋಗಿಯೊಬ್ಬರು ಹೀಗೆ ಇಳಿದುಹೋಗಿದ್ದರೆ ವಯಸ್ಸಿನ ನೆಪ ಹೇಳಿ ಕಳುಹಿಸುತ್ತಿದ್ದೆನೆ?

7ರ ಮಗ್ಗಿ ಬೆಕ್ಕಿಗೆ ಹೊಂದುವುದಿಲ್ಲ. ಆರು ತಿಂಗಳೊಳಗೇ ಹೆಣ್ಣು ಬೆಕ್ಕು ಗರ್ಭ ಧರಿಸಬಲ್ಲದು. ಒಂದು ವರ್ಷದ ಬೆಕ್ಕನ್ನು 7 ವರ್ಷದ ಮಗುವಿಗೆ ಹೋಲಿಸುವುದು ಹೇಗೆ? ಪಶುವೈದ್ಯರು ಸಾಮಾನ್ಯವಾಗಿ ಬಳಸುವ ಲೆಕ್ಕ ಹೀಗಿದೆ: ಮೊದಲ ವರ್ಷ ಮನುಷ್ಯರ 15ಕ್ಕೆ ಸಮ, ಎರಡನೆಯ ವರ್ಷ ಮುಗಿದಾಗ 24, ಆಮೇಲೆ ಪ್ರತಿ ವರ್ಷಕ್ಕೆ 4. ಇದರಂತೆ 6 ವರ್ಷದ ಬೆಕ್ಕಿಗೆ 40, 10 ವರ್ಷದ್ದಕ್ಕೆ 56, ನಮ್ಮ ಬೆಕ್ಕಿಗೆ 64. ಇದೂ ಅಂದಾಜೇ, ಆದರೆ ಉಪಯುಕ್ತವಾದ ಅಂದಾಜು. ಬೆಕ್ಕಿನ ಎರಡು ತಿಂಗಳೆಂದರೆ ನಮ್ಮ ಎಂಟು ತಿಂಗಳು. ವರ್ಷಕ್ಕೊಮ್ಮೆ ತಪಾಸಣೆ ಎಂದರೆ ನಾವು ನಾಲ್ಕು ವರ್ಷಕ್ಕೊಮ್ಮೆ ವೈದ್ಯರನ್ನು ಕಂಡಂತೆ. 10 ದಾಟಿದ ಬೆಕ್ಕನ್ನು ಆರು ತಿಂಗಳಿಗೊಮ್ಮೆ ತೋರಿಸುವುದು ಲೇಸು. ತೂಕ ಇಳಿದರೆ, ನೀರು ಹೆಚ್ಚು ಕುಡಿದರೆ ಅದನ್ನು ಮುಪ್ಪೆಂದು ತಳ್ಳಿಹಾಕಬಾರದು.

ಊಟದಲ್ಲಿಯೂ ನಾವು ಇದೇ ತಪ್ಪನ್ನು ಮಾಡುತ್ತೇವೆ. ನಮ್ಮ ಅಳತೆಗೋಲನ್ನು ಅದರ ಮೇಲೆ ಹೇರುತ್ತೇವೆ. ಮನೆಯೊಳಗೇ ಇರುವ, ಸಂತಾನಹರಣ ಮಾಡಿಸಿದ 4 ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಬೇಕಾದದ್ದು ಸುಮಾರು 200ರಿಂದ 240 ಕ್ಯಾಲೊರಿ. ಒಣ ಆಹಾರವಾದರೆ 50ರಿಂದ 65 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ. ಪೊಟ್ಟಣದ ಮೇಲಿನ ಸೂಚನೆ ಓದಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ದಿನದಲ್ಲಿ ಎರಡು ಮೂರು ಸಲ ಹಂಚಿಕೊಡಿ. ಪ್ರೀತಿಯಿಂದ ಎರೆಯುವ 100 ಮಿಲಿಲೀಟರ್ ಗಟ್ಟಿ ಹಾಲಿನಲ್ಲೇ 60ಕ್ಕೂ ಹೆಚ್ಚು ಕ್ಯಾಲೊರಿ ಇದೆ. ದಿನದ ಅಗತ್ಯದ ಕಾಲು ಭಾಗ ಅಲ್ಲಿಗೇ ಮುಗಿಯಿತು. ಮೇಲಾಗಿ, ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಅರಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರನ್ನವಂತೂ ಬೇಡವೇ ಬೇಡ. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ಹಾಗೆಂದು ಕೊಬ್ಬಿದ ಬೆಕ್ಕನ್ನು ಉಪವಾಸ ಕೆಡವಬೇಡಿ. ಎರಡು ಮೂರು ದಿನ ಆಹಾರವಿಲ್ಲದಿದ್ದರೆ ಅದರ ಯಕೃತ್ತಿಗೇ ಅಪಾಯವುಂಟಾಗಬಹುದು.

ಇನ್ನು ಹೇಳಲು ಸಂಕೋಚವಾದರೂ ಹೇಳಲೇಬೇಕಾದ ಮಾತು. ನಮ್ಮಲ್ಲಿ ಅನೇಕರ ಮನೆ ಸಸ್ಯಾಹಾರಿ, ನನ್ನದೂ ಹಾಗೆಯೇ. ಬೆಕ್ಕಾದರೋ ಹುಟ್ಟಿನಿಂದಲೇ ಮಾಂಸಾಹಾರಿ. ತನಗೆ ಬೇಕಾದಷ್ಟು ಟಾರಿನ್ ಎಂಬ ಅಂಶವನ್ನು ಅದರ ದೇಹ ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಬೆಕ್ಕು ಕುರುಡಾಗುತ್ತದೆಂದು 1975ರಲ್ಲಿ, ಹೃದಯದ ಸ್ನಾಯು ದುರ್ಬಲವಾಗುತ್ತದೆಂದು 1987ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಕ್ಯಾರೆಟ್ಟಿನ ಬಣ್ಣದಿಂದ ಎ ಜೀವಸತ್ವವನ್ನು ಪಡೆಯುವ ಶಕ್ತಿ ನಮಗಿದೆ, ಅದಕ್ಕಿಲ್ಲ. ಮೊಸರನ್ನದಲ್ಲಿ ಬೆಳೆದ ಊರಿನ ಬೆಕ್ಕು ಬದುಕಲಿಲ್ಲವೇ ಎಂದು ಕೇಳಬಹುದು. ಅದು ನಮ್ಮ ಕಣ್ಣು ತಪ್ಪಿಸಿ ಇಲಿ, ಹಲ್ಲಿ ತಿಂದು ಬದುಕಿತು. ಬಾಗಿಲು ಹಾಕಿದ ಆಕ್ಲೆಂಡಿನ ಮನೆಯಲ್ಲಿ ಆ ದಾರಿಯಿಲ್ಲ.

ವ್ರತ ನಮ್ಮದು, ಬೆಕ್ಕಿನದಲ್ಲ. ಮಾಂಸವನ್ನು ಮುಟ್ಟಲು ಹಿಂಜರಿಯುವವರಿಗೆ ಮೊಹರಾದ ಪೊಟ್ಟಣಗಳಲ್ಲಿ ಪೂರ್ಣ ಪೋಷಣೆಯ ಆಹಾರ ದೊರೆಯುತ್ತದೆ. ಬಟ್ಟೆ ಒಗೆಯುವ ಕೋಣೆಯಲ್ಲಿ ಅದಕ್ಕೊಂದು ಕಪಾಟು, ಬೇರೆ ಚಮಚ, ಬೇರೆ ಬಟ್ಟಲು ಇಟ್ಟರಾಯಿತು. ನಮ್ಮ ಮನೆಯ ಏರ್ಪಾಡೂ ಇದೇ. ಅದೂ ಒಪ್ಪದಿದ್ದರೆ ಮಕ್ಕಳಿಗೆ ಮೊಲವನ್ನೋ ಗಿನಿ ಇಲಿಯನ್ನೋ ತನ್ನಿ. ಹುಲ್ಲು ಸೊಪ್ಪುಗಳಲ್ಲಿ ಅವು ಸುಖವಾಗಿರುತ್ತವೆ. ಅದರಲ್ಲಿ ಯಾವ ಅವಮಾನವೂ ಇಲ್ಲ. ಬೆಕ್ಕನ್ನು ತಂದು ಅದರ ಆಹಾರವನ್ನು ನಿರಾಕರಿಸುವುದು ಮಾತ್ರ ಅಹಿಂಸೆಯಲ್ಲ.

ಈ ವಾರಾಂತ್ಯದಲ್ಲಿ ಮಕ್ಕಳೊಡನೆ ಕುಳಿತು ನಿಮ್ಮ ಬೆಕ್ಕಿನ ವಯಸ್ಸನ್ನು ಹೊಸ ಲೆಕ್ಕದಲ್ಲಿ ಹಾಕಿ. ಮೊದಲು ನೀವೊಬ್ಬರೇ, ಆಮೇಲೆ ಬೆಕ್ಕನ್ನೆತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ವ್ಯತ್ಯಾಸವನ್ನು ಬರೆದಿಡಿ. ತಿಂಗಳಿಗೊಮ್ಮೆ ಹೀಗೆ ಬರೆದಿಟ್ಟಿದ್ದರೆ ನಮ್ಮ ಬೆಕ್ಕು ಆ ಎರಡು ತಿಂಗಳು ಸವೆಯಬೇಕಾಗಿರಲಿಲ್ಲ.


ನಿಮ್ಮ ಸ್ವಯಂಸೇವಕ ವೈದ್ಯ, ಎಂ.ಬಿ.ಬಿ.ಎಸ್.